ಒಲೆಯ ಬೆಂಕಿಗೂ ಲೆಕ್ಕ ಬರೆಯಿರಿ

(ಮೈಸೂರಿನ ಹೆಬ್ಬಾಳದಲ್ಲಿ ಸೇರಿದ್ದ ರೈತರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಬೆಲೆ, ಸಾಲ, ಗೊಬ್ಬರ, ಕರೆಂಟು ಇವುಗಳ ಬಗ್ಗೆ ನಾವು ಎಷ್ಟೋ ಸಭೆ ಮಾಡಿದ್ದೇವೆ. ಬೆಂಕಿಯ ಬಗ್ಗೆ ಮಾಡಿಲ್ಲ. ಬೆಂಕಿ ಅಂದರೆ ಒಲೆಯಲ್ಲಿ ಉರಿಯುವ ಬೆಂಕಿ, ಬಚ್ಚಲ ಹಂಡೆಯ ಕೆಳಗಿನ ಬೆಂಕಿ, ಆಲೆಮನೆಯ ಬೆಂಕಿ, ಹೊಗೆಸೊಪ್ಪಿನ ಬ್ಯಾರನ್ನಿನ ಬೆಂಕಿ. ಅದಕ್ಕೊಂದು ಸಭೆ ಯಾಕೆ ಅಂತ ನೀವು ಕೇಳಬಹುದು. ಇನ್ನು ಮುಂದಿನ ಇಪ್ಪತ್ತು ಮೂವತ್ತು ವರ್ಷ ಸರ್ಕಾರಗಳು ಹೆಚ್ಚು ಹಣ ಸುರಿಯುವ, ಹೆಚ್ಚು ಕಾನೂನು ಮಾಡುವ ವಿಷಯಗಳಲ್ಲಿ ಇದೂ ಒಂದು. ಎಲ್ಲ ತೀರ್ಮಾನ ಆದಮೇಲೆ ನಾವು ಹೋಗಿ ಬಾಗಿಲು ತಟ್ಟುವುದಕ್ಕಿಂತ ಮೊದಲೇ ತಿಳಿದುಕೊಂಡಿರುವುದು ಮೇಲು.

ನಾವು ಕೂತಿರುವ ಈ ಹೆಬ್ಬಾಳವನ್ನೇ ನೋಡಿ. ಒಂದು ಕಾಲಕ್ಕೆ ಊರು, ಕೆರೆ, ಸುತ್ತ ಹೊಲ. ಇವತ್ತು ಕೈಗಾರಿಕಾ ಪ್ರದೇಶ, ಇನ್ಫೋಸಿಸ್ ಕ್ಯಾಂಪಸ್ಸು, ಸಾಲು ಸಾಲು ಬಡಾವಣೆ. ಈ ಕಾರ್ಖಾನೆಗಳಿಗೆ ಶಾಖ ಬೇಕು, ಈ ಮನೆಗಳಿಗೆ ಅಡಿಗೆ ಗ್ಯಾಸ್ ಬೇಕು. ಮೈಸೂರಿಗೆ ಕೊಳವೆಯಲ್ಲಿ ಗ್ಯಾಸ್ ತರುವ ಯೋಜನೆ ಬಂದಾಗ, 2022ರ ಆರಂಭದಲ್ಲಿ, ರಸ್ತೆ ಅಗೆಯುವ ವಿಷಯಕ್ಕೆ ಸಂಸದರಿಗೂ ಶಾಸಕರಿಗೂ ಜಗಳವೇ ಆಯಿತು. ದಿನಗಟ್ಟಲೆ ಪತ್ರಿಕೆಗಳಲ್ಲಿ ಬಂತು. ಪಟ್ಟಣದ ರಸ್ತೆ ಅಗೆದರೆ ಜಗಳ ಆಗುತ್ತದೆ. ಹಳ್ಳಿಯ ಹೊಲ ಅಗೆದರೆ ಒಂದು ನೋಟೀಸು ಬರುತ್ತದೆ, ಅಷ್ಟೆ. ಈ ವ್ಯತ್ಯಾಸದಿಂದಲೇ ನನ್ನ ಮಾತು ಶುರು ಮಾಡುತ್ತೇನೆ.

ದೊಡ್ಡವರ ಮಾತು ಏನು?

2021ರ ನವೆಂಬರಿನಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ನಮ್ಮ ಪ್ರಧಾನಿಗಳು ಮಾತು ಕೊಟ್ಟರು: 2070ರ ಹೊತ್ತಿಗೆ ಭಾರತ ಗಾಳಿಗೆ ಬಿಡುವ ಇಂಗಾಲವನ್ನೂ ಹೀರಿಕೊಳ್ಳುವ ಇಂಗಾಲವನ್ನೂ ಸರಿದೂಗಿಸುತ್ತದೆ ಅಂತ. ಅದರ ಜೊತೆಗೇ ಇನ್ನೊಂದು ಗುರಿ ಇದೆ. ದೇಶದ ಒಟ್ಟು ಇಂಧನದಲ್ಲಿ ನೈಸರ್ಗಿಕ ಅನಿಲದ ಪಾಲು ಶೇಕಡಾ 6ರ ಆಸುಪಾಸಿನಲ್ಲಿತ್ತು, ಅದನ್ನು 2030ಕ್ಕೆ ಶೇಕಡಾ 15 ಮಾಡಬೇಕು ಅಂತ. ಕಲ್ಲಿದ್ದಲಿಗಿಂತ ಗ್ಯಾಸ್ ವಾಸಿ, ನಿಜ. ಆದರೆ ಗ್ಯಾಸೂ ನೆಲದೊಳಗಿಂದ ತೆಗೆದದ್ದೇ, ಸುಟ್ಟರೆ ಅದೂ ಇಂಗಾಲವನ್ನೇ ಬಿಡುತ್ತದೆ. ಮೇಲಾಗಿ ನಮ್ಮ ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಹತ್ತಿರ ಹತ್ತಿರ ಅರ್ಧ ಹೊರದೇಶದ್ದು. ಅಡಿಗೆ ಸಿಲಿಂಡರಿನ ಗ್ಯಾಸಿನಲ್ಲಂತೂ ಅರ್ಧಕ್ಕಿಂತ ಹೆಚ್ಚು ಹೊರಗಿನದು, ಬಹುಪಾಲು ಕೊಲ್ಲಿ ದೇಶಗಳಿಂದ ಹಡಗಿನಲ್ಲಿ ಬರುವಂಥದ್ದು.

ಚಳಿ ದೇಶಗಳಲ್ಲಿ ಈ ಸಮಸ್ಯೆಯ ರೂಪ ಬೇರೆ. ಅಲ್ಲಿ ಮನೆ ಬೆಚ್ಚಗಿಡುವುದಕ್ಕೇ ಗ್ಯಾಸ್. ಹಾಲೆಂಡಿನ ಖ್ರೋನಿಂಗೆನ್ ಅನ್ನುವ ಕಡೆ 1959ರಲ್ಲಿ ಭಾರೀ ಗ್ಯಾಸ್ ನಿಕ್ಷೇಪ ಸಿಕ್ಕಿತು. ಮನೆಮನೆಗೂ ಕೊಳವೆ ಎಳೆದರು. ಗ್ಯಾಸ್ ತೆಗೆದ ಹಾಗೆ ನೆಲ ಕುಸಿದು ಭೂಕಂಪವಾಗಿ ರೈತರ ಮನೆ ಗೋಡೆ ಬಿರುಕು ಬಿಟ್ಟವು. 2018ರಿಂದ ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕ ನಿಲ್ಲಿಸಿದರು, 2023ರಲ್ಲಿ ಆ ನಿಕ್ಷೇಪದಿಂದ ತೆಗೆಯುವುದನ್ನೂ ನಿಲ್ಲಿಸಿದರು. ಗ್ಯಾಸಿನ ದೇಶವೇ ಗ್ಯಾಸ್ ಬಿಡುತ್ತಿರುವ ಕಾಲದಲ್ಲಿ ನಾವು ಕೊಳವೆ ಹೂಳುತ್ತಿದ್ದೇವೆ. ಹೂಳಬಾರದು ಅಂತ ನಾನು ಹೇಳುವುದಿಲ್ಲ. ಯಾರ ನೆಲದಲ್ಲಿ, ಯಾವ ಬೆಲೆಗೆ ಅಂತ ಮಾತ್ರ ಕೇಳುತ್ತೇನೆ.

ಕೊಳವೆ ಹೋಗುವುದು ಯಾರ ಹೊಲದಲ್ಲಿ?

ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಸುಮಾರು ಸಾವಿರ ಕಿಲೋಮೀಟರ್ ಕೊಳವೆ 2013ರಲ್ಲಿ ಚಾಲೂ ಆಯಿತು. ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಕಡೆಯ ಹೊಲಗಳ ಅಡಿಯಲ್ಲಿ ಹಾದು ಬಂದಿದೆ. ಕೊಚ್ಚಿಯಿಂದ ಕಾಸರಗೋಡಿನ ಮೇಲೆ ಮಂಗಳೂರಿಗೆ 450 ಕಿಲೋಮೀಟರ್ ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಮಂಗಳೂರಿನಿಂದ ಹಾಸನ, ಮೈಸೂರು ಮಾರ್ಗವಾಗಿ ಸೋಲೂರಿಗೆ ಅಡಿಗೆ ಗ್ಯಾಸಿನದೇ ಇನ್ನೊಂದು ಕೊಳವೆ ಇದೆ.

ಇವಕ್ಕೆಲ್ಲ ಆಧಾರ 1962ರ ಒಂದು ಕೇಂದ್ರ ಕಾಯಿದೆ. ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಕಾಯಿದೆ ಅಂತ ಹೆಸರು. ಇದರ ಚಮತ್ಕಾರ ಏನು ಅಂದರೆ, ಇದು ನಿಮ್ಮ ಜಮೀನು ಕಿತ್ತುಕೊಳ್ಳುವುದಿಲ್ಲ. ಪಹಣಿ ನಿಮ್ಮ ಹೆಸರಿನಲ್ಲೇ ಇರುತ್ತದೆ, ಕಂದಾಯ ನೀವೇ ಕಟ್ಟುತ್ತೀರಿ. ಬಳಕೆಯ ಹಕ್ಕು ಮಾತ್ರ ಅವರದು. ಕೊಳವೆ ಹೂತ ಪಟ್ಟೆಯ ಮೇಲೆ ನೀವು ರಾಗಿ ಹಾಕಬಹುದು, ಹುರುಳಿ ಹಾಕಬಹುದು. ಆದರೆ ಮನೆ, ಕೊಟ್ಟಿಗೆ ಕಟ್ಟುವ ಹಾಗಿಲ್ಲ. ಬಾವಿ, ಕೆರೆ, ಕಟ್ಟೆ ತೋಡುವ ಹಾಗಿಲ್ಲ. ಮರ ನೆಡುವ ಹಾಗಿಲ್ಲ. ಅಂದರೆ ತೆಂಗಿಲ್ಲ, ಮಾವಿಲ್ಲ. ಇದಕ್ಕೆ ಪರಿಹಾರ ಎಷ್ಟು? ಬೆಳೆ, ಮರ ಹಾಳಾದರೆ ಅದರ ನಷ್ಟ ಬೇರೆ. ಬಳಕೆ ಹಕ್ಕಿಗೆ ಅಂತ ಕೊಡುವುದು ಆ ಪಟ್ಟೆಯ ಮಾರುಕಟ್ಟೆ ಬೆಲೆಯ ಶೇಕಡಾ 10. ಅದೂ ಒಂದೇ ಸಲ.

ನೋಡ್ರಪ್ಪ, ಲೆಕ್ಕ ಹಾಕಿ. ತೋಟ ಮಾಡಬಾರದ, ಮನೆ ಕಟ್ಟಬಾರದ ಜಮೀನನ್ನು ನಾಳೆ ನೀವು ಮಾರಲು ಹೋದರೆ ಕೊಳ್ಳುವವನು ನೂರಕ್ಕೆ ಹತ್ತು ಮಾತ್ರ ಕಡಿಮೆ ಕೇಳ್ತಾನಾ? ಬ್ಯಾಂಕಿನವನು ಹಳೇ ಬೆಲೆಗೇ ಅಡಮಾನ ಇಟ್ಟುಕೊಳ್ತಾನಾ? ಕೊಳವೆಯಲ್ಲಿ ಗ್ಯಾಸ್ ಹರಿದಷ್ಟು ಕಾಲವೂ ಕಂಪನಿಗೆ ಸಾಗಣೆ ಬಾಡಿಗೆ ಬರುತ್ತದೆ. ಹಾಗಿರುವಾಗ ನೆಲ ಕೊಟ್ಟವನಿಗೆ ಮಾತ್ರ ಒಂದು ಸಲದ ಚೆಕ್ಕು ಯಾಕೆ? ವರ್ಷಾವರ್ಷ ನೆಲ ಬಾಡಿಗೆ ಯಾಕಿಲ್ಲ?

ತಮಿಳುನಾಡಿನ ಕೊಯಮತ್ತೂರು ಕಡೆಯ ರೈತರು ಈ ಪ್ರಶ್ನೆ ಎತ್ತಿದರು. ಹೆದ್ದಾರಿ ಪಕ್ಕ ಹೂಳಿ, ಹೊಲ ಬಿಡಿ ಅಂದರು. 2013ರಲ್ಲಿ ಅಲ್ಲಿನ ರಾಜ್ಯ ಸರ್ಕಾರವೂ ಅವರ ಪರ ನಿಂತಿತು. ಆದರೆ 2016ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ರಾಜ್ಯ ಸರ್ಕಾರಕ್ಕೆ ಸೋಲಾಯಿತು. ಕೇಂದ್ರದ ಕಾಯಿದೆ ತಿದ್ದದೆ ರಾಜ್ಯದ ಮಾತು ನಡೆಯುವುದಿಲ್ಲ ಅನ್ನೋದು ಅಲ್ಲಿ ಗೊತ್ತಾಯಿತು. ಕೊಳವೆ ಬರೀ ಕಬ್ಬಿಣ ಅಂತಲೂ ತಿಳಿಯಬೇಡಿ. ಆಂಧ್ರದ ನಗರಂ ಊರಿನಲ್ಲಿ 2014ರ ಜೂನಿನಲ್ಲಿ ಗ್ಯಾಸ್ ಕೊಳವೆ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನ ಬೆಂದು ಸತ್ತರು.

ಈ ಕಾಯಿದೆಯಲ್ಲಿ ನಮಗಿರುವ ಕಿಂಡಿ ಎರಡೇ. ಒಂದು, ಬಳಕೆ ಹಕ್ಕು ಪಡೆಯುವ ಉದ್ದೇಶದ ಅಧಿಸೂಚನೆ ಹೊರಬಿದ್ದ 21 ದಿನಗಳ ಒಳಗೆ ಆಕ್ಷೇಪಣೆ ಬರಹದಲ್ಲಿ ಕೊಡಬೇಕು. ಎರಡು, ಪರಿಹಾರ ಒಪ್ಪದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬೇಕು. 21 ದಿನ ಅನ್ನುವುದು ನಾಟಿ ಕೆಲಸದಲ್ಲಿ ಕಳೆದುಹೋಗುವ ಕಾಲ. ಆದ್ದರಿಂದ ಕಾಗದ ಬಂದ ದಿನವೇ ಊರಿನವರು ಕೂಡಿ ಓದಿಸಿಕೊಳ್ಳಿ. ಒಬ್ಬೊಬ್ಬರೇ ಸಹಿ ಹಾಕಬೇಡಿ.

ಸಿಲಿಂಡರಿನ ಪಾಠ

ಗ್ಯಾಸ್ ಸಬ್ಸಿಡಿಯನ್ನು ನೇರವಾಗಿ ಬ್ಯಾಂಕಿಗೆ ಹಾಕುವ ಪ್ರಯೋಗ ದೇಶದಲ್ಲಿ ಮೊದಲು ನಡೆದ ಜಾಗಗಳಲ್ಲಿ ನಮ್ಮ ಮೈಸೂರೂ ಒಂದು. 2011-12ರಲ್ಲಿ ಇಲ್ಲಿ ಆಧಾರ್ ಜೋಡಿಸಿ ಪರೀಕ್ಷೆ ಮಾಡಿದರು. 2013ರಲ್ಲಿ ಮೊದಲ ಕಂತಿಗೆ ಆರಿಸಿದ 20 ಜಿಲ್ಲೆಗಳಲ್ಲಿ ಮೈಸೂರು, ತುಮಕೂರು ಎರಡೂ ಇದ್ದವು. 2014ರ ಆರಂಭದಲ್ಲಿ ದೂರು ಹೆಚ್ಚಾಗಿ ನಿಲ್ಲಿಸಿದರು, ಅದೇ ನವೆಂಬರಿನಲ್ಲಿ ಮತ್ತೆ ಶುರು ಮಾಡಿ 2015ರ ಜನವರಿಯಿಂದ ಇಡೀ ದೇಶಕ್ಕೆ ತಂದರು.

ಆಗ ಹೇಳಿದ್ದೇನು? ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಡಿ, ಸಬ್ಸಿಡಿ ನಿಮ್ಮ ಖಾತೆಗೆ ಬರುತ್ತದೆ, ನಿಮಗೇನೂ ನಷ್ಟವಿಲ್ಲ ಅಂತ. ಬಂತು ಕೂಡ. 2020ರ ಮೇ ತಿಂಗಳಿಂದ ಸಾಮಾನ್ಯ ಗ್ರಾಹಕರಿಗೆ ಖಾತೆಗೆ ಬರುವ ಹಣ ಹೆಚ್ಚುಕಡಿಮೆ ಸೊನ್ನೆ ಆಯಿತು. ಕಾನೂನು ಬದಲಾಗಲಿಲ್ಲ, ಘೋಷಣೆ ಆಗಲಿಲ್ಲ, ಖಾತೆಯಲ್ಲಿ ಅಂಕಿ ಮಾತ್ರ ಕಾಣೆಯಾಯಿತು. 2016ರಲ್ಲಿ ಉಜ್ವಲ ಬಂತು, ಬಡ ಹೆಣ್ಣುಮಕ್ಕಳ ಮನೆಗೆ ಸಿಲಿಂಡರ್ ಬಂತು. ಇದು ಒಳ್ಳೆಯ ಕೆಲಸ, ಅಲ್ಲ ಅನ್ನುವುದಿಲ್ಲ. ಆದರೆ ಸಂಪರ್ಕ ಕೊಡುವುದು ಒಂದು, ಮುಂದಿನ ಸಿಲಿಂಡರ್ ತುಂಬಿಸಿಕೊಳ್ಳುವ ಶಕ್ತಿ ಇನ್ನೊಂದು. ಬೆಲೆ ಸಾವಿರದ ಹತ್ತಿರ ಹೋದಮೇಲೆ 2022ರಲ್ಲಿ ಉಜ್ವಲದವರಿಗೆ 200 ರೂಪಾಯಿ, 2023ರ ಅಕ್ಟೋಬರಿನಲ್ಲಿ 300 ರೂಪಾಯಿ ಸಬ್ಸಿಡಿ ಮಾಡಬೇಕಾಯಿತು. 2023ರ ಆಗಸ್ಟಿನಲ್ಲಿ ಎಲ್ಲರಿಗೂ 200, 2024ರ ಮಾರ್ಚಿನಲ್ಲಿ 100 ಇಳಿಸಿದರು, 2025ರ ಏಪ್ರಿಲಿನಲ್ಲಿ 50 ಏರಿಸಿದರು. ಚುನಾವಣೆ ಪಂಚಾಂಗ ಪಕ್ಕದಲ್ಲಿಟ್ಟುಕೊಂಡು ಈ ತಾರೀಖುಗಳನ್ನು ಓದಿ, ನಿಮಗೇ ಅರ್ಥ ಆಗುತ್ತದೆ.

ಸಿಲಿಂಡರ್ ಕೈಗೆಟುಕದ ತಿಂಗಳು ಹೆಣ್ಣುಮಕ್ಕಳು ಮತ್ತೆ ತೆಂಗಿನ ಹೆಡೆಮಟ್ಟೆ, ಜಾಲಿ ಕಡ್ಡಿ, ಹಿಪ್ಪುನೇರಳೆ ಕಡ್ಡಿ ಹುಡುಕುತ್ತಾರೆ. ಸೌದೆ ಪುಕ್ಕಟೆ ಅಂತ ನಾವು ಗಂಡಸರು ಹೇಳ್ತೀವಿ. ಯಾಕೆಂದರೆ ಅದನ್ನು ಆಯುವ ಹೊತ್ತಿಗೆ, ಹೊಗೆಯಲ್ಲಿ ಕೆಡುವ ಕಣ್ಣು ಶ್ವಾಸಕ್ಕೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಕಲಮೇ ಇಲ್ಲ. ಸರ್ಕಾರ ನಮ್ಮ ದುಡಿಮೆಗೆ ಕೂಲಿ ಹಿಡಿಯುವುದಿಲ್ಲ ಅಂತ ನಾವು ಕೂಗುತ್ತೇವೆ. ನಮ್ಮ ಮನೆಯಲ್ಲಿ ನಾವು ಹಿಡಿದಿದ್ದೇವೆಯೇ?

ಗೊಬ್ಬರದ ಚೀಲದೊಳಗೂ ಇದೇ ಗ್ಯಾಸ್

ಗ್ಯಾಸ್ ಬೆಲೆ ಪಟ್ಟಣದ ಚಿಂತೆ ಅಂತ ಯಾರಾದರೂ ಅಂದುಕೊಂಡಿದ್ದರೆ ಯೂರಿಯಾ ಚೀಲ ನೋಡಲಿ. ನೈಸರ್ಗಿಕ ಅನಿಲದಿಂದ ಜಲಜನಕ ತೆಗೆದು, ಗಾಳಿಯ ಸಾರಜನಕದ ಜೊತೆ ಸೇರಿಸಿ ಅಮೋನಿಯ, ಅದರಿಂದ ಯೂರಿಯಾ. ಮಂಗಳೂರು ಪಣಂಬೂರಿನ ಗೊಬ್ಬರ ಕಾರ್ಖಾನೆ ಮೊದಲು ನಾಫ್ತಾ ಎಣ್ಣೆಯಲ್ಲಿ ನಡೆಯುತ್ತಿತ್ತು, ಕೊಚ್ಚಿಯ ಕೊಳವೆ ಬಂದಮೇಲೆ ಗ್ಯಾಸಿಗೆ ತಿರುಗಿತು. 45 ಕಿಲೋ ಚೀಲಕ್ಕೆ ನಾವು ಕೊಟ್ಟು ಬಂದಿರುವ 266 ರೂಪಾಯಿ 50 ಪೈಸೆ ಅದರ ನಿಜವಾದ ಖರ್ಚಿನ ಒಂದು ಪಾಲು ಮಾತ್ರ. ಉಳಿದದ್ದು ಸರ್ಕಾರದ ಸಬ್ಸಿಡಿ. 2022ರಲ್ಲಿ ಉಕ್ರೇನಿನ ಯುದ್ಧ ಹತ್ತಿಕೊಂಡು ಲೋಕದಲ್ಲಿ ಗ್ಯಾಸ್ ಬೆಲೆ ಹಾರಿದಾಗ ಸಬ್ಸಿಡಿಯೂ ಹಾರಿತು.

ಈಗ ಎರಡು ಮಾತು ಕೂಡಿಸಿ ನೋಡಿ. ಸಿಲಿಂಡರಿಗೆ ಖಾತೆಗೆ ಹಣ ಅಂದರು, ಆಮೇಲೆ ಅದು ಸೊನ್ನೆ ಆಯಿತು. ಗೊಬ್ಬರಕ್ಕೂ ಖಾತೆಗೇ ಹಣ ಹಾಕೋಣ ಅನ್ನುವ ಮಾತು ಆಗಾಗ ತೇಲಿಬರುತ್ತಿದೆ. ಅದು ಬಂದ ದಿನ ಮೈಸೂರಿನವರು ಎದ್ದು ನಿಂತು, 'ಸ್ವಾಮಿ, ಈ ನಾಟಕದ ಮೊದಲ ಅಂಕ ನಮ್ಮೂರಲ್ಲೇ ಆಡಿದ್ದು' ಅಂತ ಹೇಳಬೇಕು.

ಸಗಣಿ ಗ್ಯಾಸ್: ಆಸೆ ಮತ್ತು ಲೆಕ್ಕ

ಹೊರಗಿನ ಗ್ಯಾಸಿಗೆ ಉತ್ತರ ನಮ್ಮ ಕೊಟ್ಟಿಗೆಯಲ್ಲೇ ಇದೆ ಅಂತ ಹೇಳಿ ಎಪ್ಪತ್ತು ವರ್ಷ ಆಗುತ್ತಾ ಬಂತು. ಖಾದಿ ಆಯೋಗದವರು ಕಬ್ಬಿಣದ ತೊಟ್ಟಿಯ ಗೋಬರ್ ಗ್ಯಾಸ್ ತಂದರು. 1981-82ರಲ್ಲಿ ರಾಷ್ಟ್ರೀಯ ಯೋಜನೆ ಬಂತು. 1984ರಲ್ಲಿ ಇಟ್ಟಿಗೆಯ ದೀನಬಂಧು ಮಾದರಿ ಬಂತು. ನಮ್ಮ ರಾಜ್ಯದಲ್ಲಿ ಶಿರಸಿ ಕಡೆ ಇದು ಚೆನ್ನಾಗಿ ಬೇರೂರಿತು.

ಲೆಕ್ಕ ಹೀಗೆ. 25 ಕಿಲೋ ಸಗಣಿಗೆ ಸುಮಾರು ಒಂದು ಘನ ಮೀಟರ್ ಗ್ಯಾಸ್. ಎರಡು ಘನ ಮೀಟರಿನ ಗುಂಡಿಗೆ ದಿನಕ್ಕೆ 50 ಕಿಲೋ, ಅಂದರೆ ನಾಲ್ಕೈದು ರಾಸು. ಒಂದು ಘನ ಮೀಟರ್ ಅಂದರೆ ಸಿಲಿಂಡರ್ ಗ್ಯಾಸಿನ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ. ಪೂರ್ತಿ ನಡೆದರೆ ತಿಂಗಳಿಗೆ ಎರಡು ಸಿಲಿಂಡರಿನ ಹತ್ತಿರ ಹೋಗುತ್ತದೆ. ಚಳಿಗಾಲದಲ್ಲಿ ಗ್ಯಾಸ್ ಕಡಿಮೆ, ಮೇವಿಲ್ಲದ ಬೇಸಿಗೆಯಲ್ಲಿ ಸಗಣಿ ಕಡಿಮೆ. ಅರ್ಧ ಅಂತ ಹಿಡಿದರೂ ಒಂದು ಸಿಲಿಂಡರ್. ಐದಾರು ಜನರ ಮನೆಗೆ ಅದು ಸಾಕು. ಗ್ಯಾಸಿನಲ್ಲಿ ಹೋಗುವುದು ಇಂಗಾಲ, ಜಲಜನಕ. ಬೆಳೆಗೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್ ಬಗ್ಗಡದಲ್ಲೇ ಉಳಿಯುತ್ತವೆ. ಬೆರಣಿ ತಟ್ಟಿ ಸುಟ್ಟರೆ ಸಾರಜನಕವೂ ಹೊಗೆಯಲ್ಲಿ ಹೋಗುತ್ತದೆ. ಆದ್ದರಿಂದ ರಾಸು ಇರುವ ಮನೆಗೆ ಇದಕ್ಕಿಂತ ಒಳ್ಳೆಯ ಬೆಂಕಿ ಇಲ್ಲ.

ಹಾಗಿದ್ದರೂ ಎಷ್ಟೋ ಊರುಗಳಲ್ಲಿ ಗ್ಯಾಸ್ ಗುಂಡಿ ಕಸದ ಗುಂಡಿ ಆಗಿದೆ, ಯಾಕೆ? ಕಟ್ಟುವ ದಿನ ಸಬ್ಸಿಡಿ ಇತ್ತು, ಬ್ಯಾಂಕ್ ಸಾಲ ಇತ್ತು, ಅಧಿಕಾರಿ ಇದ್ದರು, ಫೋಟೋ ಇತ್ತು. ಗುಮ್ಮಟ ಬಿರುಕು ಬಿಟ್ಟ ದಿನ ರಿಪೇರಿಯವನು ಇರಲಿಲ್ಲ. ಗ್ಯಾಸ್ ನಿಂತರೂ ಸಾಲದ ಬಡ್ಡಿ ನಿಲ್ಲಲಿಲ್ಲ. 2022ರ ನವೆಂಬರಿನಲ್ಲಿ ಹೊಸದಾಗಿ ಘೋಷಿಸಿದ ಯೋಜನೆಯಲ್ಲೂ ಗಾತ್ರ ನೋಡಿ 9,800ರಿಂದ 70,400 ರೂಪಾಯಿವರೆಗೆ ಸಬ್ಸಿಡಿ ಅಂದರು. ಉಳಿದದ್ದು ಎಲ್ಲಿಂದ? ಮತ್ತೆ ನಮ್ಮ ಜೇಬು, ಇಲ್ಲವೇ ಸೊಸೈಟಿ ಸಾಲ.

ಬೇರೆ ದಾರಿ ಇಲ್ಲ ಅಂತಲ್ಲ. ಬಾಗೇಪಲ್ಲಿಯಲ್ಲಿ ಅಲ್ಲಿನ ಕೂಲಿ ಸಂಘದವರು ಮಾಡಿದ್ದನ್ನು ಗಮನಿಸಿ. ಸೌದೆ, ಸೀಮೆಎಣ್ಣೆ ಉಳಿಸಿದ್ದರಿಂದ ಗಾಳಿಗೆ ಎಷ್ಟು ಇಂಗಾಲ ಕಡಿಮೆ ಹೋಯಿತೋ ಅದನ್ನು ಲೆಕ್ಕ ಹಾಕಿ ಹೊರದೇಶದವರಿಗೆ ಮಾರುವ ಏರ್ಪಾಡು ಮಾಡಿಕೊಂಡರು. 5,500 ಮನೆಗಳಿಗೆ ಎರಡು ಘನ ಮೀಟರಿನ ಗುಂಡಿ ಅನ್ನುವ ಆ ಯೋಜನೆ 2005ರಲ್ಲೇ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ನೋಂದಣಿ ಆಯಿತು. ಕಟ್ಟುವ ಹಣ ಇಂಗಾಲದ ಮಾರಾಟದಿಂದ. ಕೂಲಿ ಮನೆಗಳು ಒಗ್ಗಟ್ಟಾಗಿ ಮಾಡಿದ್ದನ್ನು ನಾಲ್ಕೆಕರೆ ಇರುವ ನಾವು ಮಾಡಲಾರೆವೇ?

ಇನ್ನೊಂದು ಉದಾಹರಣೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಅನ್ನುವ ವಿಭಾಗ ಶುರು ಮಾಡಿದರು. ಹಳ್ಳಿಯ ಇಂಧನದಲ್ಲಿ ಬಹುಪಾಲು ಅಡಿಗೆಯ ಸೌದೆಯೇ ಅಂತ ಅಳತೆ ಮಾಡಿ ತೋರಿಸಿದವರು ಅವರು. ಪುರದಲ್ಲಿ ಊರೊಟ್ಟಿನ ಗ್ಯಾಸ್ ಘಟಕ ಕಟ್ಟಿದಾಗ ಮೊದಲು ಅಡಿಗೆಗೆ ಕೊಡಲು ಹೋದರು. ಸಗಣಿ ಸಾಲದೆ ಅದು ನಿಂತಿತು. ಆಮೇಲೆ ಊರಿನವರನ್ನೇ ಕೇಳಿ, 1987ರಿಂದ ಆ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕುಡಿಯುವ ನೀರು ಕೊಟ್ಟರು. ಅಲ್ಲಿನ ನಿಯಮ ನೆನಪಿಡಿ: ಸಗಣಿ ತಂದವರಿಗೆ ತೂಕದ ಮೇಲೆ ಕಾಸು, ಜೊತೆಗೆ ಕೊಟ್ಟ ಸಗಣಿಗೆ ತಕ್ಕಷ್ಟು ಬಗ್ಗಡ ವಾಪಸ್ಸು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಈಗ ಬರುತ್ತಿರುವ ದೊಡ್ಡ ಕಂಪನಿಗಳ ಜೊತೆ ಕೂತಾಗ ಇದೇ ನಮ್ಮ ಮೊದಲ ಷರತ್ತು ಆಗಬೇಕು.

ದೊಡ್ಡ ಗ್ಯಾಸ್ ಕಾರ್ಖಾನೆ, ಸಣ್ಣ ಬೆಲೆ

2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 'ಸತತ್' ಅಂತ ಒಂದು ಯೋಜನೆ ತಂದಿತು. ಸಗಣಿ, ಹುಲ್ಲು, ಕಬ್ಬಿನ ಕಾರ್ಖಾನೆಯ ಪ್ರೆಸ್‌ಮಡ್ಡಿ, ಪಟ್ಟಣದ ಕಸ ಇವುಗಳಿಂದ ಗ್ಯಾಸ್ ತೆಗೆದು, ಶುದ್ಧ ಮಾಡಿ, ಒತ್ತಡ ಹಾಕಿ ತುಂಬಿ ಮಾರುವುದು. 2023-24ರೊಳಗೆ 5,000 ಘಟಕ ಅಂದರು. ಆ ಗಡುವು ಮುಗಿದಾಗ ನಡೆಯುತ್ತಿದ್ದವು ಆ ಗುರಿಯ ಒಂದು ಸಣ್ಣ ಚೂರು ಮಾತ್ರ. ಈಗ ಕಾನೂನಿನ ಒತ್ತಾಯ ಬಂದಿದೆ. ಕೊಳವೆ ಗ್ಯಾಸ್ ಮತ್ತು ವಾಹನದ ಗ್ಯಾಸ್ ಮಾರುವ ಕಂಪನಿಗಳು 2025-26ರಲ್ಲಿ ಶೇಕಡಾ 1, 2026-27ರಲ್ಲಿ 3, 2027-28ರಲ್ಲಿ 4, 2028-29ರಿಂದ ಶೇಕಡಾ 5 ಇಂಥ ಜೈವಿಕ ಗ್ಯಾಸ್ ಸೇರಿಸಬೇಕು ಅಂತ ವೇಳಾಪಟ್ಟಿ ಹಾಕಿದ್ದಾರೆ. ಹಾಗಾಗಿ ನಿಮ್ಮ ತಿಪ್ಪೆಗೂ ಹುಲ್ಲಿಗೂ ಗಿರಾಕಿ ಬರುವ ಕಾಲ ದೂರವಿಲ್ಲ.

ಬಂದಾಗ ಏನು ಬೆಲೆ ಕೇಳುವುದು? ಇಲ್ಲಿ ಭಾಷಣ ಬೇಡ, ಲೆಕ್ಕ ಬೇಕು. ಒಂದು ಟನ್ ಸಗಣಿಯಿಂದ ಸುಮಾರು 40 ಘನ ಮೀಟರ್ ಗ್ಯಾಸ್. ಶುದ್ಧ ಮಾಡಿದರೆ ಹದಿನಾರು ಕಿಲೋ ಆಸುಪಾಸು. ಯೋಜನೆ ಶುರುವಾದಾಗ ಎಣ್ಣೆ ಕಂಪನಿಗಳು ಕಿಲೋಗೆ ಕೊಡುತ್ತೇವೆ ಅಂದ ಬೆಲೆ 46 ರೂಪಾಯಿ. ಗುಣಿಸಿದರೆ ಟನ್ನಿಗೆ ಏಳುನೂರ ಚಿಲ್ಲರೆ ರೂಪಾಯಿ. ಅಂದರೆ ಒಂದು ಕಿಲೋ ಸಗಣಿಯ ಗ್ಯಾಸಿಗೆ ಮುಕ್ಕಾಲು ರೂಪಾಯಿಯೂ ಇಲ್ಲ, ಅದರಲ್ಲೇ ಕಾರ್ಖಾನೆ ಖರ್ಚು, ಸಾಗಣೆ, ಲಾಭ ಎಲ್ಲ ಹೋಗಬೇಕು. ಛತ್ತೀಸಗಢದಲ್ಲಿ 2020ರಲ್ಲಿ ಸರ್ಕಾರವೇ ಕಿಲೋಗೆ 2 ರೂಪಾಯಿ ಕೊಟ್ಟು ಸಗಣಿ ಕೊಂಡಿತು. ಅದು ಸರ್ಕಾರದ ದುಡ್ಡಿನಿಂದ ಮತ್ತು ಎರೆಗೊಬ್ಬರ ಮಾರಾಟದ ಭರವಸೆಯಿಂದ ನಡೆದದ್ದು, ಗ್ಯಾಸಿನಿಂದಲ್ಲ.

ಆದ್ದರಿಂದ ಯಾರಾದರೂ ಬಂದು 'ನಿಮ್ಮ ಸಗಣಿ ಚಿನ್ನ' ಅಂದರೆ ನಂಬಬೇಡಿ. 'ನಿಮ್ಮ ಸಗಣಿ ಕಸ, ಎತ್ತಿಕೊಂಡು ಹೋಗ್ತೀವಿ' ಅಂದರೂ ನಂಬಬೇಡಿ. ಗ್ಯಾಸಿಗಿಂತ ಬಗ್ಗಡದ ಗೊಬ್ಬರ ನಮಗೆ ದೊಡ್ಡದು. ಗ್ಯಾಸ್ ಅವರಿಗೆ ಹೋಗಲಿ, ಬಗ್ಗಡ ನಮ್ಮ ಹೊಲಕ್ಕೆ ಬರಲಿ. ಬಗ್ಗಡವನ್ನೂ ಚೀಲಕ್ಕೆ ತುಂಬಿ ನಮಗೇ ಮಾರುವುದಾದರೆ ಆ ವ್ಯಾಪಾರ ಬೇಡ. ಅದಕ್ಕೆ ಟನ್ನಿಗೆ 1,500 ರೂಪಾಯಿ ಸಹಾಯಧನವನ್ನು ಸರ್ಕಾರ 2023ರಲ್ಲೇ ಘೋಷಿಸಿದೆ, ಗೊತ್ತಿರಲಿ. ಹುಲ್ಲಿನ ವಿಷಯವೂ ಹೀಗೆಯೇ. ಪಂಜಾಬಿನಲ್ಲಿ ಸುಡುವ ಹುಲ್ಲು ನಮ್ಮಲ್ಲಿ ರಾಸುಗಳ ಮೇವು. ರಾಗಿ ಹುಲ್ಲು, ಭತ್ತದ ಹುಲ್ಲು ಬಾಯ್ಲರಿಗೆ ಹೋದರೆ ಡೈರಿಗೆ ಹಾಲು ಹಾಕುವವರು ಮೇವು ಎಲ್ಲಿಂದ ತರಬೇಕು?

ಕಬ್ಬಿನ ಅನುಭವ ಕಣ್ಣ ಮುಂದೆ ಇದೆ. ಕಬ್ಬು ಕೊಟ್ಟೆವು. ಅದರ ರಚ್ಚಿನಿಂದ ಕರೆಂಟು, ಕಾಕಂಬಿಯಿಂದ ಎಥನಾಲ್, ಈಗ ಮಡ್ಡಿಯಿಂದ ಗ್ಯಾಸ್. 2012ರಲ್ಲಿ ರಂಗರಾಜನ್ ಸಮಿತಿ, ಸಕ್ಕರೆ ಮತ್ತು ಉಪ ಉತ್ಪನ್ನಗಳ ವರಮಾನದಲ್ಲಿ ಶೇಕಡಾ 70 ರೈತನಿಗೆ ಸೇರಬೇಕು ಅಂತ ಹೇಳಿತು. 2025-26ಕ್ಕೆ ಕೇಂದ್ರ ಕಟ್ಟಿದ ದರ, ಶೇಕಡಾ 10.25 ಇಳುವರಿಗೆ, ಕ್ವಿಂಟಾಲಿಗೆ 355 ರೂಪಾಯಿ. ಅದೇ ಹಂಗಾಮಿನಲ್ಲಿ, 2025ರ ನವೆಂಬರಿನಲ್ಲಿ, ಬೆಳಗಾವಿ ಕಡೆಯ ರೈತರು ಟನ್ನಿಗೆ 3,500 ಕೇಳಿ ರಸ್ತೆಗೆ ಇಳಿದ ಮೇಲೆ 3,300ಕ್ಕೆ ತೀರ್ಮಾನ ಆಯಿತು. ಉಪ ಉತ್ಪನ್ನದ ಪಾಲನ್ನು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳದಿದ್ದರೆ ಆಮೇಲೆ ರಸ್ತೆಯಲ್ಲಿ ಕೂತು ಕೇಳಬೇಕಾಗುತ್ತದೆ. ಗ್ಯಾಸ್ ಘಟಕಗಳು ಇನ್ನೂ ಎದ್ದು ನಿಲ್ಲುತ್ತಿರುವಾಗಲೇ ನಾವು ಇದನ್ನು ಮಾಡಬಹುದು.

ಬ್ಯಾರನ್ನಿನ ಸೌದೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದಿಂದ ಬಂದವರು ಇಲ್ಲಿ ಕೂತಿದ್ದೀರಿ. ಹೊಗೆಸೊಪ್ಪು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಚರ್ಚೆ ಬೇರೆ. ಬೆಳೆಯುತ್ತಿದ್ದೀರಿ, ಸರ್ಕಾರದ ಮಂಡಳಿಯೇ ಲೈಸೆನ್ಸ್ ಕೊಡುತ್ತಿದೆ, ಹರಾಜು ಮಾಡಿಸುತ್ತಿದೆ. ಸೊಪ್ಪನ್ನು ಬ್ಯಾರನ್ನಿನಲ್ಲಿ ಐದಾರು ದಿನ ಬೇಯಿಸಬೇಕು. ಮೊದಲು ಹದವಾದ ಶಾಖದಲ್ಲಿ ಹಳದಿ ಬರಿಸಿ, ಆಮೇಲೆ ಎಲೆ ಒಣಗಿಸಿ, ಕೊನೆಗೆ ಎಪ್ಪತ್ತು ಡಿಗ್ರಿಯ ಹತ್ತಿರ ಒಯ್ದು ದಂಟು ಒಣಗಿಸಬೇಕು. ಹದವಾದ ಒಂದು ಕಿಲೋ ಸೊಪ್ಪಿಗೆ ನಾಲ್ಕರಿಂದ ಐದು ಕಿಲೋ ಸೌದೆ. 1,500 ಕಿಲೋ ಸೊಪ್ಪು ಮಾಡುವವನಿಗೆ ಆರರಿಂದ ಏಳೂವರೆ ಟನ್ ಸೌದೆ. 2023-24ಕ್ಕೆ ಕರ್ನಾಟಕಕ್ಕೆ ಮಂಡಳಿ ಗೊತ್ತು ಮಾಡಿದ್ದ 10 ಕೋಟಿ ಕಿಲೋ ಬೆಳೆದರೆ ನಾಲ್ಕೈದು ಲಕ್ಷ ಟನ್ ಸೌದೆ!

ಈ ಸೌದೆ ಎಲ್ಲಿಂದ? ನಾಗರಹೊಳೆಯ ಕಾಡಂಚು ನಮ್ಮ ಪಕ್ಕದಲ್ಲೇ ಇದೆ, ಕೈ ಹಾಕುವ ಹಾಗಿಲ್ಲ, ಹಾಕಲೂಬಾರದು. ನೀಲಗಿರಿ ನೆಡಿ ಅಂತ 1980ರ ದಶಕದಲ್ಲಿ ಸರ್ಕಾರವೇ ಸಸಿ ಹಂಚಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಆ ಸಸಿಗಳನ್ನು ಕಿತ್ತು ಪ್ರತಿಭಟಿಸಿದರು. ಕೊನೆಗೆ 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹೀಗಾಗಿ ಕೊಡಗಿನ ತೋಟದ ಮರ, ಕಾಫಿ ಸಿಪ್ಪೆ ಅಂತ ಹುಡುಕಾಟ. ಸೌದೆ ದರ ಏರಿದಷ್ಟೂ ಹರಾಜಿನ ಬೆಲೆ ಏರುತ್ತದೆಯೇ? ಇಲ್ಲ. ಕೊಳ್ಳುವ ಕಂಪನಿಗಳು ತಮ್ಮ ಸೊಪ್ಪು ಪರಿಸರಕ್ಕೆ ಒಳ್ಳೆಯದು ಅಂತ ಹೊರದೇಶದಲ್ಲಿ ಹೇಳಿಕೊಳ್ಳಬೇಕು, ಅದಕ್ಕೆ ಬ್ಯಾರನ್ ಸುಧಾರಿಸಿ ಅನ್ನುತ್ತಾರೆ. ಸುಧಾರಿಸೋಣ. ಚಾವಣಿಗೆ ಶಾಖ ತಡೆಯುವ ಹೊದಿಕೆ, ಒಲೆಗೆ ಸರಿಯಾದ ಜಾಲರಿ, ಸೋರದ ಕೊಳವೆ, ಬಿಗಿಯಾದ ಬಾಗಿಲು ಇಷ್ಟರಿಂದಲೇ ಸೌದೆ ಉಳಿಯುತ್ತದೆ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರ ಇದೆ, ಹೋಗಿ ಕೇಳಿ. ಆದರೆ ಹೊಸ ಬ್ಯಾರನ್ನಿಗೆ ಸಾಲ ನಮ್ಮ ಹೆಸರಿಗೆ, ಹೊಗಳಿಕೆ ಕಂಪನಿ ಹೆಸರಿಗೆ ಅನ್ನುವ ಏರ್ಪಾಡು ನಡೆಯಬಾರದು.

ಮಂಡ್ಯದ ಆಲೆಮನೆಯವರು, ಕೊಳ್ಳೇಗಾಲ ರಾಮನಗರದ ರೇಷ್ಮೆ ಬಿಚ್ಚುವವರು ಎಲ್ಲರದೂ ಇದೇ ಕಥೆ. ಶಾಖ ಇಲ್ಲದೆ ಸರಕಿಲ್ಲ. ಶಾಖದ ಖರ್ಚು ಮಾತ್ರ ಬೆಲೆಯಲ್ಲಿ ಕಾಣುವುದಿಲ್ಲ.

ಇನ್ನೊಂದು ಸಣ್ಣ ಮಾತು. ಪಟ್ಟಣದಲ್ಲಿ ಬಿಸಿಲಿನ ನೀರೊಲೆ, ಅದೇ ಸೋಲಾರ್ ಹೀಟರ್, ಹಾಕಿದವರಿಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಟ್ಟರು. ಒಳ್ಳೆಯದೇ. ನೂರು ಲೀಟರಿನ ಹೀಟರ್ ವರ್ಷಕ್ಕೆ 1,500 ಯೂನಿಟ್ಟಿನವರೆಗೂ ಉಳಿಸಬಲ್ಲದು. ಆದರೆ ಕರೆಂಟಿನಲ್ಲಿ ನೀರು ಕಾಯಿಸುತ್ತಿದ್ದವನಿಗೆ ಬಹುಮಾನ, ಸೌದೆ ಹಂಡೆಯಲ್ಲಿ ಕಾಯಿಸುವ ಹಳ್ಳಿಯವನಿಗೆ ಏನೂ ಇಲ್ಲ. ಹಳ್ಳಿಯ ಮನೆಗೆ ಹೀಟರ್ ಕೊಟ್ಟರೆ ಉಳಿಯುವುದು ಮರ.

ನಾವು ಕೇಳಬೇಕಾದ್ದು

ಬಂಧುಗಳೇ, ಇಂಗಾಲ ಕಡಿಮೆ ಆಗಲಿ ಅನ್ನುವುದಕ್ಕೆ ನಮ್ಮ ವಿರೋಧವಿಲ್ಲ. ಮಳೆ ಹದ ತಪ್ಪಿದರೆ ಮೊದಲು ಕೆಡುವುದು ನಮ್ಮ ಬಿತ್ತನೆ. ಆದರೆ ಆ ಕೆಲಸದ ಖರ್ಚು ಯಾರ ತಲೆಗೆ ಅಂತ ಕೇಳುವ ಹಕ್ಕು ನಮಗಿದೆ.

ಒಂದು, ಬೆಳೆಯ ಉತ್ಪಾದನಾ ವೆಚ್ಚ ಕಟ್ಟುವಾಗ ಸೌದೆ, ಗ್ಯಾಸ್, ಸಗಣಿಯ ಬೆಲೆಯನ್ನು ಪೇಟೆ ದರದಲ್ಲಿ ಹಿಡಿಯಬೇಕು. ಎರಡು, 1962ರ ಕೊಳವೆ ಕಾಯಿದೆ ತಿದ್ದಿ, ಶೇಕಡಾ 10ರ ಬದಲು ವರ್ಷಾವರ್ಷದ ನೆಲ ಬಾಡಿಗೆ ಕೊಡಬೇಕು. ಮೂರು, ಗ್ಯಾಸ್ ಘಟಕಕ್ಕೆ ಸಗಣಿ, ಮಡ್ಡಿ ಕೊಡುವ ಕರಾರಿನಲ್ಲಿ ಬೆಲೆಯೂ ಬಗ್ಗಡದ ವಾಪಸಾತಿಯೂ ಬರಹದಲ್ಲಿ ಇರಬೇಕು. ನಾಲ್ಕು, ಗೋಬರ್ ಗ್ಯಾಸಿಗೂ ಬ್ಯಾರನ್ ಸುಧಾರಣೆಗೂ ಸಾಲ ಕೊಟ್ಟರೆ, ಘಟಕ ನಿಂತ ದಿನದಿಂದ ರಿಪೇರಿ ಆಗುವವರೆಗೆ ಬಡ್ಡಿ ನಿಲ್ಲಬೇಕು. ಐದು, ಇಂಗಾಲ ಉಳಿಸಿದ್ದಕ್ಕೆ ಎಲ್ಲಿಂದಲಾದರೂ ಹಣ ಬಂದರೆ ಅದರ ಪಾಲು ಉಳಿಸಿದ ಮನೆಗೆ ಸೇರಬೇಕು.

ಇವನ್ನು ಕೇಳುವ ಮೊದಲು ನಮ್ಮ ಕೈಯಲ್ಲಿ ಲೆಕ್ಕ ಇರಬೇಕು. ಈ ಹಂಗಾಮಿನಲ್ಲಿ ಪ್ರತಿ ಮನೆಯವರೂ ಒಂದು ಹಾಳೆ ಇಡಿ. ಎಷ್ಟು ಸೌದೆ, ಎಷ್ಟು ಸಿಲಿಂಡರ್, ಸೌದೆ ತರಲು ಎಷ್ಟು ಹೊತ್ತು, ಎಷ್ಟು ಬುಟ್ಟಿ ಸಗಣಿ ಅಂತ ಬರೆಯಿರಿ. ಮನೆಯ ಹೆಣ್ಣುಮಕ್ಕಳನ್ನು ಕೇಳಿ ಬರೆಯಿರಿ, ಅವರಿಗೇ ಸರಿಯಾಗಿ ಗೊತ್ತಿರುವುದು. ಮುಂದಿನ ಸಭೆಗೆ ಅವರೂ ಬರಲಿ, ಹಾಳೆಗಳೂ ಬರಲಿ. ಹತ್ತು ಊರಿನ ಹಾಳೆ ಕೂಡಿಸಿ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಟ್ಟ ಮೇಲೆ ಬೆಲೆಯ ಮಾತು ಆಡೋಣ.